ಗಂಟು ಮಣ್ಣಿಗೆ ತಾಗಬಾರದು

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ, ಹಸಿರು ಬಲೆ ಹೊದ್ದು ಮಲಗಿದ ಹಾಗಿರುವ ಒಂದು ನರ್ಸರಿಯಲ್ಲಿ, ಹನ್ನೊಂದು ಜನ ಹೆಂಗಸರು ದಿನವೆಲ್ಲ ಕೂತು ಟೊಮೆಟೊ ಸಸಿಗಳ ತಲೆ ತೆಗೆಯುತ್ತಾರೆ. ತೆಗೆದ ತಲೆಯನ್ನು ಬಿಸಾಡುವುದಿಲ್ಲ. ಗೋಲಿಯಷ್ಟು ಸಣ್ಣ ಹಣ್ಣು ಬಿಡುವ ಒಂದು ಕಾಡು ಜಾತಿಯ ಸಸಿಯನ್ನೂ ಹಾಗೆಯೇ ಓರೆಯಾಗಿ ಕೊಯ್ದು, ಅದರ ಮೊಂಡು ಕಾಂಡದ ಮೇಲೆ ಈ ತಲೆಯನ್ನು ಕೂರಿಸಿ, ಸಣ್ಣದೊಂದು ಕ್ಲಿಪ್ಪು ಹಾಕುತ್ತಾರೆ. ಅದೇ ಕಸಿ. ಕಸಿ ಮಾಡುವವರಿಗೆ ಕಸಿವಿಸಿ ಇರಬಾರದು. ಅರ್ಧ ಬ್ಲೇಡು ಹಿಡಿದ ಕೈ ಒಮ್ಮೆ ನಡುಗಿತೆಂದರೆ ಎರಡು ಗಿಡ ಹೋದವೆಂದೇ ಲೆಕ್ಕ.

ಯಶೋಧರಾಳ ಕೈ ನಡುಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವ್ವ ಬೆಟ್ಟಮ್ಮ ತೀರಿಕೊಂಡ ಮೇಲಂತೂ ಅದು ಬೇರೆ ಯಾರದೋ ಕೈಯ ಹಾಗೆ ತನ್ನ ಪಾಡಿಗೆ ತಾನು ನೆಟ್ಟಗೆ ಕೆಲಸ ಮಾಡುತ್ತಿತ್ತು. ತಿಥಿ ಮುಗಿಸಿ ನರ್ಸರಿಗೆ ಬಂದ ಮೊದಲ ದಿನವೇ ಅವಳು ಎಲ್ಲರಿಗಿಂತ ಎರಡು ಟ್ರೇ ಜಾಸ್ತಿ ಮುಗಿಸಿದಳು.

ಕಸಿ ಮಾಡಿದ ಸಸಿಗಳನ್ನು ಒಂದು ವಾರ ಕತ್ತಲೆಯ ಪ್ಲಾಸ್ಟಿಕ್ ಗುಡಾರದಲ್ಲಿ, ನೀರಿನ ಹಬೆಯಲ್ಲಿ ಇಡಬೇಕು. ಹೆಂಗಸರು ಅದನ್ನು ‘ಐಸಿಯು’ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವಳು ಯಶೋಧರಾಳೇ. ಅವಳ ಅವ್ವ ಕೊನೆಯ ಮೂರು ದಿನ ನಿಜವಾದ ಐಸಿಯುವಿನಲ್ಲಿ ಇದ್ದಳೆಂಬ ಕಾರಣಕ್ಕೆ ಈಗ ಯಾರೂ ಅವಳ ಎದುರು ಆ ಪದ ಎತ್ತುತ್ತಿರಲಿಲ್ಲ. ‘ಆ ಗುಡಾರ’, ‘ಆ ಇದು’ ಎಂದು ತಡವರಿಸುತ್ತಿದ್ದರು. ಮೂರನೆಯ ದಿನ ಅವಳೇ ತಲೆಯೆತ್ತದೆ, “ಈ ಎರಡು ಟ್ರೇ ಐಸಿಯುಗೆ ಬುಡ್ರಕ್ಕ,” ಎಂದಳು. ಹೇಳಿದ ಮೇಲೆ ತನಗೇನಾದರೂ ಆಗುತ್ತದೆಯೇ ಎಂದು ಒಂದು ಗಳಿಗೆ ಕಾದಳು. ಏನೂ ಆಗಲಿಲ್ಲ. ಮುಂದಿನ ಸಸಿಯ ತಲೆ ತೆಗೆದಳು.

ಮೊದಲಾಗಿದ್ದರೆ ಈ ಹೊತ್ತಿಗೆ ಅವಳು ಮೂರು ಜನರ ದನಿ ತೆಗೆದಿರುತ್ತಿದ್ದಳು. ಮೂಗಿನಲ್ಲೇ ಮಾತಾಡುವ ಮಾಲೀಕ ರವೀಂದ್ರ ಸಾರ್, “ಹಿಂದೆ ಓಗಿ, ಹಿಂದೆ ಎಲ್ಲ ಖಾಲಿ” ಎಂದು ಖಾಲಿಯೇ ಇಲ್ಲದ ಬಸ್ಸಿನಲ್ಲಿ ಕೂಗುವ ಕಂಡಕ್ಟರು, ಫೋನು ಹಿಡಿದರೆ ಪಕ್ಕದೂರಿಗೂ ಕೇಳುವ ನೆರೆಮನೆಯ ಚಿಕ್ಕಬೋರಮ್ಮ. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅವ್ವನ ದನಿ. ನಾಲಿಗೆಯನ್ನು ಅಂಗುಳಕ್ಕೆ ಎರಡು ಸಲ ತಟ್ಟಿ, “ಅಲ್ಲ ಕಣಯ್ಯೋ” ಎಂದು ಶುರುವಾಗುವ ಬೈಗುಳ. ಒಂದು ಸಲ ಅಡುಗೆಮನೆಯಿಂದ ಯಶೋಧರಾ ಹಾಗೆ ಕೂಗಿದ್ದಕ್ಕೆ, ಅಪ್ಪ ಮಂಚಯ್ಯ ಹಚ್ಚುತ್ತಿದ್ದ ಬೀಡಿಯನ್ನು ಹಿಂದೆ ಬಚ್ಚಿಟ್ಟುಕೊಂಡು ಅಂಗಿ ಸುಟ್ಟುಕೊಂಡಿದ್ದ. ಬೆಟ್ಟಮ್ಮ ಆಗ ಹಿತ್ತಲಿನಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದಳು.

ಫೆಬ್ರವರಿಯಿಂದ ಅವಳ ಗಂಟಲಲ್ಲಿ ಯಾರೂ ಇರಲಿಲ್ಲ.

ಮಂಚಯ್ಯ ಬೀಡಿಯನ್ನೂ ಬಿಟ್ಟಿದ್ದ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಜಗಲಿಯ ಮೇಲೆ ಕೂತ. ಎದುರು ಮನೆಯ ನೀಲಿ ನೀರಿನ ಡ್ರಮ್ಮನ್ನು ನೋಡುತ್ತ ಕೂತ. ಕೂತವನು ಉಣ್ಣಲು, ಮಲಗಲು ಏಳುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಬೆಳಿಗ್ಗೆ ಏಳು ಹತ್ತರ ಬಸ್ಸಿಗೆ ಯಶೋಧರಾ ಹೊರಟಾಗ ಹೇಗಿದ್ದನೋ, ಸಂಜೆ ಆರಕ್ಕೆ ಇಳಿದಾಗಲೂ ಹಾಗೆಯೇ. “ಉಂಡ್ಯಾ ಅಪ್ಪ?” ಎಂದರೆ “ಊಂ.” “ಮಾತ್ರೆ ತಗೊಂಡ್ಯಾ?” “ಊಂ.” ಮಾತ್ರೆ ಪೊಟ್ಟಣದಲ್ಲೇ ಇರುತ್ತಿತ್ತು. ಅವಳು ತೆಗೆದು ಕೊಟ್ಟರೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿ, ಚಾನೆಲ್ಲು ಹೋದ ಎರಡು ಟೀವಿಗಳ ಹಾಗೆ ಇದ್ದರು.

ಅವರಿಗಿದ್ದದ್ದು ಮೂವತ್ತು ಗುಂಟೆ. ಮಂಚಯ್ಯನ ಅಪ್ಪನ ಕಾಲದಲ್ಲಿ ಮಂಜೂರಾದ ಭೂಮಿ. ನಾಲೆಯ ಕಟ್ಟಕಡೆಯ ತೂಬಿನ ಕೆಳಗಿನ ತಗ್ಗು. ಮೇಲಿನ ಗದ್ದೆಗಳಲ್ಲಿ ಬಸಿದ ನೀರೆಲ್ಲ ಅಲ್ಲಿಗೆ ಬಂದು ನಿಂತು, ಆರಿ, ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಉಪ್ಪು ಏಳುತ್ತಿತ್ತು. ಚೌಳು ನೆಲ. ಬೇರೆ ಯಾರಿಗೂ ಬೇಡವಾಗಿದ್ದರಿಂದಲೇ ಇವರಿಗೆ ಸಿಕ್ಕಿತ್ತು. ಆ ನೆಲದ ಮೇಲೂ ಬೆಟ್ಟಮ್ಮ ವರ್ಷ ವರ್ಷ ಒಂದಿಷ್ಟು ಭತ್ತ, ಒಂದಿಷ್ಟು ಟೊಮೆಟೊ ಅಂತ ಏನಾದರೂ ನೆಡುತ್ತಿದ್ದಳು. ಎಲೆಯ ಅಂಚು ಸುಟ್ಟ ರೊಟ್ಟಿಯ ಹಾಗೆ ಕಂದಾಗುತ್ತಿತ್ತು. ಅವಳು ಬಿಡುತ್ತಿರಲಿಲ್ಲ. ನೆಟ್ಟ ಮೂರನೆಯ ವಾರಕ್ಕೆ ಸಾಲಿನ ಉದ್ದಕ್ಕೂ ಮಣ್ಣು ಎಳೆದು ಬುಡಕ್ಕೆ ಏರಿಸಿ, ಗಿಡದ ಅರ್ಧ ಕಾಂಡವನ್ನೇ ಮುಚ್ಚಿ ದಿಂಡು ಕಟ್ಟುತ್ತಿದ್ದಳು. ಆ ಸೀಮೆಯಲ್ಲಿ ಟೊಮೆಟೊ ಬೆಳೆಯುವವರೆಲ್ಲ ಮಾಡುವ ಕೆಲಸವೇ ಅದು. ಬೆಟ್ಟಮ್ಮನ ದಿಂಡು ಮಾತ್ರ ದಾರಿಹೋಕರು ನಿಂತು ನೋಡುವ ಹಾಗೆ ಇರುತ್ತಿತ್ತು.

ಮೇ ತಿಂಗಳಲ್ಲಿ ಅಣ್ಣ ಕೃಷ್ಣ ಫೋನು ಮಾಡಿದ. ಅವನು ಕೃಷ್ಣರಾಜಪೇಟೆಯ ಒಂದು ಕಾಲೇಜಿನ ಆಫೀಸಿನಲ್ಲಿ ಅಟೆಂಡರು.

“ಅಪ್ಪ ಅಲ್ಲಿ ಕೂತ್ಕಂಡು ಕೂತ್ಕಂಡು ಕಲ್ಲಾಗ್ಬುಡ್ತಾನೆ ಕಣೆ ಯಶೂ. ನಾನು ಇಲ್ಲಿಗೆ ಕರ್ಕೊಂಡ್ ಬಂದ್ಬುಡ್ತೀನಿ.”

“ಜಮೀನು?”

“ಇಲ್ಲಿ ನಾರಿನ ವ್ಯಾಪಾರ ಮಾಡೋ ನಮ್ಮ ದೇವರಾಜಣ್ಣ ತೆಂಗಿನ ನಾರು ಒಣಗಾಕೋಕೆ ಬಯಲು ಉಡುಕ್ತಾವ್ರೆ. ಐದು ವರ್ಸಕ್ಕೆ ಬರ್ಕೊಟ್ರೆ ಸಾಕು ಅಂತಾರೆ. ಎಂಗೂ ಏನೂ ಬೆಳಿಯಾಕಿಲ್ಲ. ನಾರಾದ್ರೂ ಒಣಗಲಿ.”

“ವಸಿ ತಡಿ ಅಣ್ಣ.”

“ಎಷ್ಟು ತಡಿಲಿ? ಪಕ್ಷದಲ್ಲಿ ಅವ್ವಂಗೆ ಎಡೆ ಇಕ್ಕೋಕೆ ಬತ್ತೀನಲ್ಲ, ಅಷ್ಟೊತ್ಗೆ ಅಲ್ಲಿ ಬೆಳೆ ಅಂತ ಏನಾರ ನಿಂತಿದ್ರೆ ಸರಿ. ಇಲ್ದಿದ್ರೆ ಕಾಗದಕ್ಕೆ ಎಬ್ಬೆಟ್ಟು ಒತ್ತಿಸ್ಕೊಂಡು ಅಪ್ಪನ್ನೂ ಕರ್ಕೊಂಡು ಓಯ್ತೀನಿ. ಆಮೇಲೆ ನೀನು ಅಳ್ಬಾರ್ದು.”

ಅಳುವ ಮಾತು ಕೇಳಿ ಅವಳಿಗೆ ಆಶ್ಚರ್ಯವಾಯಿತು. ಅಣ್ಣನ ಬಾಡಿಗೆ ಮನೆ ಅವಳಿಗೆ ಗೊತ್ತಿತ್ತು. ಎರಡನೆಯ ಮಹಡಿ, ಒಂದು ಕೋಣೆ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಕೂರುವುದಕ್ಕೆ ಜಗಲಿ ಇಲ್ಲ, ನೋಡುವುದಕ್ಕೆ ಡ್ರಮ್ಮೂ ಇಲ್ಲ. ಆ ಕುರ್ಚಿಯಲ್ಲಿ ಕೂತರೆ ಅಪ್ಪ ಮತ್ತೆ ಏಳುವುದಿಲ್ಲ ಎಂಬುದು ಅವಳಿಗೆ ಬಸ್ಸಿನ ವೇಳೆ ತಿಳಿದಿರುವಷ್ಟೇ ನಿಚ್ಚಳವಾಗಿ ತಿಳಿದಿತ್ತು. ದುಃಖವೇನೂ ಬರಲಿಲ್ಲ. ಆದರೆ ಮರುದಿನ ಊಟದ ಹೊತ್ತಿನಲ್ಲಿ ಅವಳು ರವೀಂದ್ರ ಸಾರ್ ಮುಂದೆ ಹೋಗಿ ನಿಂತಿದ್ದಳು.

“ಸಾರ್, ಈ ಕಾಡು ಬೇರು ಚೌಳು ನೆಲಕ್ಕೆ ಆಯ್ತದಾ?”

ರವೀಂದ್ರ ಕೃಷಿ ಓದಿದವರು. ಯಾರಾದರೂ ಪ್ರಶ್ನೆ ಕೇಳಿದರೆ ಊಟದ ಡಬ್ಬಿ ಮುಚ್ಚಿಬಿಡುತ್ತಿದ್ದರು. “ಆಗುತ್ತೆ. ಆದ್ರೆ ಚೌಳು ವಾಸಿ ಆಗುತ್ತೆ ಅಂದ್ಕೋಬೇಡ. ಉಪ್ಪು ಮಣ್ಣಲ್ಲೇ ಇರುತ್ತೆ, ಬೇರಿಗೂ ಬರುತ್ತೆ. ಈ ಬೇರು ಅದನ್ನ ಬಹಳಷ್ಟು ಕೆಳಗೇ ತಡ್ಕೊಳ್ಳುತ್ತೆ, ಎಲೆಗೆ ಏರೋಕೆ ಬಿಡಲ್ಲ. ನಮ್ಮ ಮಾಮೂಲಿ ಟೊಮೆಟೊ ಬೇರಿಗೆ ಆ ಬುದ್ಧಿ ಇಲ್ಲ, ಬಂದಿದ್ದನ್ನೆಲ್ಲ ಮೇಲಕ್ಕೆ ಕಳಿಸುತ್ತೆ. ಬೇರು ಬೇರೆ ಆದ್ರೆ ಬಾಳೇ ಬೇರೆ.” ತಮ್ಮ ಮಾತಿಗೆ ತಾವೇ ಮೂಗಿನಲ್ಲಿ ನಕ್ಕರು. ಅವಳು ನಗಲಿಲ್ಲವೆಂದು ಮತ್ತೆ ಗಂಭೀರರಾದರು. “ಒಂದೇ ಷರತ್ತು. ಕಸಿಯ ಗಂಟು ಮಣ್ಣಿಗೆ ತಾಗಬಾರದು. ನೆಲದಿಂದ ಮೂರು ಬೆರಳು ಮೇಲಿರಬೇಕು. ಟೊಮೆಟೊ ಕಾಂಡ ಮಣ್ಣು ಕಂಡ ಕಡೆ ಬೇರು ಬಿಡೋ ಜಾತಿ. ಗಂಟಿನ ಮೇಲಿಂದ ತನ್ನದೇ ಬೇರು ಇಳಿಸ್ತು ಅಂದ್ರೆ ಉಪ್ಪು ಆ ದಾರೀಲಿ ಹತ್ತುತ್ತೆ. ಕಸಿ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.”

ಒಂದು ಆರ್ಡರಿಗೆ ಬೆಳೆಸಿ ಉಳಿದಿದ್ದ ಕಾಡು ಸಸಿಗಳನ್ನು ಅವರು ಅವಳಿಗೆ ಬಿಟ್ಟುಕೊಟ್ಟರು. ಎರಡು ವಾರ ಅವಳು ಊಟದ ಅರ್ಧ ಗಂಟೆಯಲ್ಲಿ ತನ್ನ ಸಸಿಗಳ ತಲೆ ತೆಗೆದು ಕೂರಿಸಿದಳು. ಐನೂರ ಅರವತ್ತು ಉಳಿದವು. ಜುಲೈ ಮೊದಲ ವಾರ ನಾಲೆಗೆ ನೀರು ಬಂದಾಗ, ಚಿಕ್ಕಬೋರಮ್ಮನನ್ನು ಜೊತೆಗೆ ಕರೆದುಕೊಂಡು, ಸಾಲಿಗೆ ನಲವತ್ತರಂತೆ ಹದಿನಾಲ್ಕು ಸಾಲು ನೆಟ್ಟಳು. ಚಿಕ್ಕಬೋರಮ್ಮನಿಗೆ ಗಂಟಿನ ವಿಷಯ ಹತ್ತು ಸಲ ಹೇಳಿದಳು.

“ಆಯ್ತು ಬುಡವ್ವ, ಗಂಟು ಕಾಣ್ಬೇಕು, ಅಷ್ಟೇ ತಾನೆ? ಎಣ್ಣ ಗಂಡಿನ ಕಡೆಯೋರ್ಗೆ ತೋರ್ಸೋಕೆ ಕೂರಿಸ್ದಂಗೆ ಕೂರಿಸ್ತೀನಿ,” ಎಂದು ಆಕೆ ಊರಿಗೆಲ್ಲ ಕೇಳುವಂತೆ ಹೇಳಿ, ಹೇಳಿದಂತೆಯೇ ಕೂರಿಸಿದಳು.

ಅಪ್ಪನಿಗೆ ಯಶೋಧರಾ ಏನೂ ಹೇಳಲಿಲ್ಲ. ಜಗಲಿಗೆ ಯಾರಾದರೂ ಕಸಿಯ ಪಾಠ ಹೇಳುತ್ತಾರೆಯೇ? ಅವನು ಏಳಬಹುದೆಂಬುದು ಅವಳ ತಲೆಗೇ ಬಂದಿರಲಿಲ್ಲ.

ಸಸಿ ಹಿಡಿದವು. ಎಲೆ ಹಸಿರಾಗಿಯೇ ಇತ್ತು, ಅಂಚಿನ ತನಕ. ಸಂಜೆ ಬಸ್ಸಿಳಿದು ಹೊಲ ನೋಡಿ ಮನೆಗೆ ಹೋಗುತ್ತಿದ್ದಳು. ಜುಲೈ ಕೊನೆಗೆ ನರ್ಸರಿಯಲ್ಲಿ ಕೆಲಸ ಜಾಸ್ತಿಯಾಗಿ ಎರಡು ದಿನ ಹೊಲದ ಕಡೆ ಹೋಗಲಾಗಲಿಲ್ಲ; ಕೊನೆಯ ಬಸ್ಸಿಗೆ ಬಂದಾಗ ಅಪ್ಪ ಮಲಗಿರುತ್ತಿದ್ದ. ಮೂರನೆಯ ಸಂಜೆ, ಬುಧವಾರ, ಬಸ್ಸಿಳಿದು ನೇರ ಮನೆಗೆ ಬಂದರೆ ಜಗಲಿ ಖಾಲಿ. ಡ್ರಮ್ಮು ಒಂಟಿಯಾಗಿತ್ತು.

ಚಿಕ್ಕಬೋರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಯಶೋದವ್ವ, ನಿಮ್ಮಪ್ಪ ಎದ್ದವ್ನೆ ಕಣವ್ವ. ನೆನ್ನೆಯಿಂದ ಗುದ್ದಲಿ ಇಡ್ಕೊಂಡು ಒಲದಲ್ಲೇ ಅವ್ನಂತೆ. ನಾನು ಬಂಡೂರಲ್ಲಿ ನನ್ ಮಗಳ ಮನೇಲಿದ್ದೆ, ಈಗ ಬಂದು ನೋಡ್ತೀನಿ. ಬೆಟ್ಟಮ್ಮಕ್ಕ ಎಬ್ಬಿಸ್ ಕಳಿಸ್ದಂಗೆ ಆಯ್ತು ನೋಡು.”

ಯಶೋಧರಾ ಓಡಲಿಲ್ಲ. ಏರಿಯ ಮೇಲೆ ನಡೆದುಕೊಂಡೇ ಹೋದಳು. ದೂರದಿಂದಲೇ ಕಂಡಿತು. ಹದಿನಾಲ್ಕು ಸಾಲು, ಹದಿನಾಲ್ಕು ದಿಂಡು. ಹಗ್ಗ ಹಿಡಿದು ಎಳೆದಂತೆ ನೇರ, ಕೈಯಲ್ಲಿ ತಟ್ಟಿ ನಯ ಮಾಡಿದ ಇಳಿಜಾರು. ಐನೂರ ಅರವತ್ತು ಗಂಟುಗಳಲ್ಲಿ ಒಂದೂ ಹೊರಗೆ ಕಾಣುತ್ತಿರಲಿಲ್ಲ.

ಮಂಚಯ್ಯ ಬದುವಿನ ಮೇಲೆ ಕೂತಿದ್ದ. ಮೊಣಕಾಲ ತನಕ ಮಣ್ಣು. ಬಾಯಲ್ಲಿ ಬೀಡಿ.

“ಬುಡ ಬರಿದಾಗಿತ್ತು ಕಣವ್ವ,” ಎಂದ. ಐದು ತಿಂಗಳಲ್ಲಿ ಅವನಾಗಿ ಆಡಿದ ಮೊದಲ ಮಾತು. “ನಿಮ್ಮವ್ವ ಇದ್ದಿದ್ರೆ ಇಷ್ಟು ದಿನ ಬುಡ್ತಿತ್ತಾ? ಮೂರ್ನೇ ವಾರ ದಾಟ್ಬುಟ್ಟಿತ್ತು. ನೀನೆಲ್ಲಿ ನೋಡೀಯ, ಬಸ್ಸು ಅತ್ತೋಳು. ಅದ್ಕೆ ಏರಿಸ್ದೆ.”

ಅವಳು ಬಾಯಿ ತೆರೆದಳು. “ಚೆನ್ನಾಗದೆ ಅಪ್ಪ,” ಎಂದಳು.

ಆ ರಾತ್ರಿ ಅವನು ಎರಡು ಮುದ್ದೆ ಉಂಡ. ಉಪ್ಪು ಕಡಿಮೆ ಎಂದು ಸಾರಿಗೆ ಉಪ್ಪು ಕೇಳಿದ. ಮಾತ್ರೆಯನ್ನು ತಾನೇ ತೆಗೆದು ನುಂಗಿದ. ಯಶೋಧರಾ ಪಾತ್ರೆ ತೊಳೆಯುತ್ತ ಲೆಕ್ಕ ಹಾಕಿದಳು. ಹೇಳಿದರೆ, ಎದ್ದವನು ತಾನು ಎದ್ದು ಮಾಡಿದ್ದೇ ತಪ್ಪೆಂದು ಮತ್ತೆ ಕೂರುತ್ತಾನೆ. ಹೇಳದಿದ್ದರೆ ಗಿಡ ಸುಡುತ್ತವೆ, ಪಕ್ಷಕ್ಕೆ ಅಣ್ಣ ಬರುತ್ತಾನೆ, ಕೆಂಪು ಕುರ್ಚಿ. ಎರಡು ಕಡೆಯಿಂದಲೂ ಕೂರುವುದೇ ಬರುತ್ತಿತ್ತು. ಮರುದಿನ ಅವಳು ರವೀಂದ್ರ ಸಾರ್ ಅವರನ್ನು, “ಯಾರೋ ರೈತ್ರು ಗಂಟು ಮುಚ್ಚಿದ್ರೆ?” ಎಂದು ಕೇಳಿದಳು. “ವಾರದೊಳಗೆ ಮಣ್ಣು ಸರಿಸಿ, ಬೇರು ಮೂಡಿದ್ರೆ ಕೊಯ್ದು ಹಾಕ್ಬೇಕು. ಆಮೇಲೆ ದೇವರೇ ಗತಿ,” ಎಂದರು ಅವರು. ಗುರುವಾರ ಹೋಯಿತು. ಶುಕ್ರವಾರ ಅಪ್ಪ ಬಾವಿಕಟ್ಟೆಯಲ್ಲಿ ಗೆಳೆಯ ಕುಳ್ಳಯ್ಯನ ಜೊತೆ ಮಾತಾಡುತ್ತಿದ್ದದ್ದು ಬಸ್ಸಿನಿಂದ ಕಂಡಿತು. ಶನಿವಾರವೂ ಹೋಯಿತು. ಮೂರು ದಿನವೂ ಅವಳು ಏನೂ ಹೇಳಲಿಲ್ಲ. ಅದು ಕರುಣೆಯೋ ಸೋಮಾರಿತನವೋ ಅವಳಿಗೇ ತಿಳಿಯಲಿಲ್ಲ. ಒಳಗೆ ಕೈ ಹಾಕಿ ನೋಡಿದರೆ ಏನೂ ಸಿಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬ್ಲೇಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊಲಕ್ಕೆ ಹೋದಳು. ಮೊದಲ ಸಾಲಿನ ಮೊದಲ ಗಿಡದ ಬುಡ ಕೆದಕಿದಳು. ಗಂಟಿನ ಮೇಲುಗಡೆ, ಹಸಿರು ಕಾಂಡದ ಸುತ್ತ, ಎಳ್ಳುಕಾಳಿನ ಹಾಗೆ ಬಿಳಿ ಮೊಳಕೆಗಳು ಮೂಡಿದ್ದವು. ಎರಡು ಆಗಲೇ ಉಗುರಿನಷ್ಟು ಉದ್ದವಾಗಿ ಕೆಳಗೆ ಮುಖ ಮಾಡಿದ್ದವು.

ಹಿಂದೆ ಗುದ್ದಲಿಯ ಸದ್ದು ಕೇಳಿತು. ಮಂಚಯ್ಯ ನೀರು ಕಟ್ಟಲು ಬಂದಿದ್ದ. ಮಗಳು ಕೂತ ಕಡೆ ನೋಡದೆ, ಒಂದು ಕಡೆ ದಿಂಡು ಜಾರಿದ್ದಕ್ಕೆ ಇನ್ನೊಂದು ಗುದ್ದಲಿ ಮಣ್ಣು ಎತ್ತಿ ಗಿಡದ ಕುತ್ತಿಗೆಯ ತನಕ ಹಾಕಿದ.

ಆಗ ಅವಳ ನಾಲಿಗೆ ಅಂಗುಳಕ್ಕೆ ಎರಡು ಸಲ ತಟ್ಟಿತು. ಅವಳೇ ತಟ್ಟಿಸಿದ್ದಲ್ಲ.

“ಅಲ್ಲ ಕಣಯ್ಯೋ, ಕಣ್ಣ ಮನೇಲಿ ಮಡಗ್ಬುಟ್ಟು ಬಂದಿದ್ದೀಯಾ? ಗಂಟು ಕಾಣಾಕಿಲ್ವಾ ಅಲ್ಲಿ? ಕತ್ತಿನ್ಗಂಟ ಊತಾಕಿದ್ದೀಯಲ್ಲ, ಅದೇನು ಗಿಡವಾ ಎಣವಾ? ತೆಗಿ ಮಣ್ಣ. ಎಲ್ಲಾನೂವೆ ತೆಗಿ. ಮಗಳು ಕೂತ್ಕಂಡು ಒಂದೊಂದು ಗಂಟು ಆಕವ್ಳೆ, ಕೇಳ್ದೆ ಮಾಡ್ದೆ ಬಂದು ಮುಚ್ಚವ್ನೆ.”

ಮಂಚಯ್ಯ ತಿರುಗಲಿಲ್ಲ. ಬಾಯಲ್ಲಿದ್ದ ಬೀಡಿ ತೆಗೆದು ಬೆನ್ನ ಹಿಂದೆ ಹಿಡಿದ.

“ಊಂ ಕಣಮ್ಮಿ,” ಎಂದ.

ಮಗಳನ್ನು ಅವನು ‘ಅವ್ವ’ ಎನ್ನುತ್ತಿದ್ದ. ಅಮ್ಮಿ ಎನ್ನುತ್ತಿದ್ದದ್ದು ಹೆಂಡತಿಯನ್ನು ಮಾತ್ರ.

ಕಾಲುವೆಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಆಮೇಲೆ ಮಂಚಯ್ಯ ಗುದ್ದಲಿಯನ್ನು ಬದುವಿಗೆ ಒರಗಿಸಿ, ಮಂಡಿಯೂರಿ, ಆಗಷ್ಟೇ ಹಾಕಿದ ಮಣ್ಣನ್ನು ಎರಡೂ ಕೈಯಿಂದ ಸರಿಸತೊಡಗಿದ.

“ಎಲ್ಲಿಗಂಟ ತೆಗಿಲಿ?” ಎಂದ. ಯಾರನ್ನು ಕೇಳಿದನೆಂದು ಗೊತ್ತಾಗಲಿಲ್ಲ.

“ಗಂಟಿಂದ ಮೂರು ಬೆರಳು ಕೆಳಗಂಟ ಅಪ್ಪ,” ಎಂದು ಯಶೋಧರಾ ತನ್ನ ದನಿಯಲ್ಲಿ ಹೇಳಿದಳು. ಗಂಟು ತೋರಿಸಿದಳು. ಕೆಳಗಿನ ಬೇರು ಉಪ್ಪು ತಡೆಯುತ್ತದೆ, ಮೇಲಿನದು ತಡೆಯುವುದಿಲ್ಲ, ಮೇಲಿನದಕ್ಕೆ ಮಣ್ಣು ಕಾಣಿಸಬಾರದು ಎಂದು ರವೀಂದ್ರ ಸಾರ್ ಹೇಳಿದ್ದನ್ನೆಲ್ಲ, ಮೂಗಿನಲ್ಲಿ ಅಲ್ಲದೆ, ಸುಮ್ಮನೆ ಹೇಳಿದಳು. ಅವನು ಬಿಳಿ ಮೊಳಕೆಗಳನ್ನು ಕಣ್ಣ ಹತ್ತಿರ ತಂದು ನೋಡಿದ.

“ಮೊದ್ಲೇ ಯೋಳ್ಬಾರ್ದಾ?”

“ನೀನು ಎಲ್ಲಿದ್ದೆ ಯೋಳೋಕೆ?”

ಅವನು ಮಣ್ಣು ಸರಿಸಿದ, ಅವಳು ಹಿಂದಿನಿಂದ ಬ್ಲೇಡಿನಲ್ಲಿ ಮೊಳಕೆ ಸವರಿದಳು. ಹನ್ನೊಂದು ಗಂಟೆಗೆ ಚಿಕ್ಕಬೋರಮ್ಮ ರೊಟ್ಟಿ ತಂದವಳು, “ಮೊನ್ನೆ ಕಟ್ಟಿ ಇವತ್ತು ಕೀಳ್ತೀರಲ್ಲ, ಅಪ್ಪ ಮಗಳಿಗೆ ಬೇರೆ ಕ್ಯಾಮೆ ಇಲ್ವಾ?” ಎಂದು ಬೈದು, ವಿಷಯ ತಿಳಿದು, ಸೆರಗು ಸಿಕ್ಕಿಸಿ ತಾನೂ ಕೂತಳು. ಮೂರು ಜನ, ಹೊತ್ತು ಇಳಿಯುವ ತನಕ. ಯಶೋಧರಾಳ ಬೆರಳ ತುದಿ ಮರಗಟ್ಟಿತು. ಮೊದಲೇ ಮರಗಟ್ಟಿದ್ದ ಉಳಿದ ಅವಳಿಗೆ ಈಗ ಬೆರಳೂ ಜೊತೆಯಾದ ಹಾಗಿತ್ತು.

ಹನ್ನೆರಡು ಸಾಲು ಮುಗಿದಾಗ ಮಂಚಯ್ಯ ಎದ್ದು ನಿಂತ. ಸೊಂಟ ನೆಟ್ಟಗೆ ಮಾಡಿಕೊಂಡು, ನಾಲೆಯ ಬದಿಯ ಕೊನೆಯ ಎರಡು ಸಾಲು ನೋಡಿದ. ಅವುಗಳ ದಿಂಡು ಸಂಜೆಯ ಬಿಸಿಲಿಗೆ ಸಾಣೆ ಹಿಡಿದ ಹಾಗೆ ಕಾಣುತ್ತಿತ್ತು.

“ಇವೆರಡು ಇರ್ಲಿ ಬುಡು.”

“ಸುಟ್ಟೋಯ್ತವೆ ಅಪ್ಪ.”

“ಓಗ್ಲಿ. ನಿಮ್ಮವ್ವ ಕಟ್ದಂಗೆ ಕಟ್ಟಿದ್ದೀನಿ. ಇರ್ಲಿ.”

ಅವಳು ಬ್ಲೇಡನ್ನು ಸೆರಗಿಗೆ ಕಟ್ಟಿಕೊಂಡಳು. ಅವನು ನೀರು ಬಿಡುವಾಗ ಆ ಎರಡು ಸಾಲಿಗೂ ಬಿಟ್ಟ.

ಮರುದಿನ ಕಾಫಿ ಕುಡಿಯುತ್ತ, ಲೋಟದೊಳಕ್ಕೆ ನೋಡಿಕೊಂಡು, “ಇನ್ನೊಂದ್ಸಲ ಬೈಯಿ,” ಎಂದ. ಯಶೋಧರಾ ಪ್ರಯತ್ನಿಸಿದಳು. ನಾಲಿಗೆ ತಟ್ಟಿದಳು. ಬಂದದ್ದು ಅವಳದೇ ದನಿ, ಅದೂ ನೆಗಡಿಯಾದ ಹಾಗೆ. “ಬರಾಕಿಲ್ಲ ಕಣಪ್ಪ,” ಎಂದಳು. “ಊಂ,” ಎಂದ. ಲೋಟ ಇಟ್ಟು ಹೊಲಕ್ಕೆ ಹೋದ.

ಸೆಪ್ಟೆಂಬರಿನಲ್ಲಿ, ಪಕ್ಷದ ಹಿಂದಿನ ದಿನ ಕೃಷ್ಣ ಬಂದ. ಕಂಕುಳಲ್ಲಿ ಬ್ಯಾಗು, ಬ್ಯಾಗಿನಲ್ಲಿ ದೇವರಾಜು ಬರೆಸಿಕೊಟ್ಟ ಕಾಗದ. ಜಗಲಿ ಖಾಲಿ ಇದ್ದದ್ದು ನೋಡಿ ಗಾಬರಿಯಾಗಿ ಹೊಲಕ್ಕೆ ಬಂದವನು ಏರಿಯ ಮೇಲೆ ನಿಂತುಬಿಟ್ಟ. ಹನ್ನೆರಡು ಸಾಲು ಎದೆಯೆತ್ತರ ನಿಂತಿತ್ತು. ಮೇಲಿನ ಗದ್ದೆಯವರ ಗಿಡದಷ್ಟು ದಟ್ಟವಲ್ಲ, ಅಲ್ಲಲ್ಲಿ ಸೊರಗಿದ್ದೂ ಇತ್ತು. ಆದರೆ ಎಲೆ ಅಂಚಿನ ತನಕ ಹಸಿರು, ಕೆಳಗಿನ ಗೊಂಚಲು ಬಣ್ಣ ತಿರುಗಿತ್ತು. ನಾಲೆಯ ಬದಿಯ ಎರಡು ಸಾಲು ಮಾತ್ರ ಮೊಣಕಾಲೆತ್ತರಕ್ಕೆ ಮುರುಟಿ, ಎಲೆ ಕಂದಾಗಿ ನಿಂತಿತ್ತು.

“ಅವ್ಯಾಕೆ ಇಂಗೆ ಸುಟ್ಟೋಗವೆ?”

“ಅವು ನಿಮ್ಮವ್ವನ್ವು ಕಣ್ಲಾ,” ಎಂದ ಮಂಚಯ್ಯ.

ಮಾರನೆಯ ದಿನ ಎಡೆಗೆ ಅವನು ಹಣ್ಣು ಕಿತ್ತದ್ದು ಆ ಎರಡು ಸಾಲಿನಿಂದಲೇ. ಗಿಡಕ್ಕೆ ಒಂದೋ ಎರಡೋ, ನಿಂಬೆಗಿಂತ ಚಿಕ್ಕವು. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಅವ್ವನ ಹಳೆಯ ಹಸಿರು ಸೀರೆ, ಪಕ್ಕದಲ್ಲಿ ಆ ಹಣ್ಣುಗಳು. ಊಟಕ್ಕೆ ಕೂತಾಗ ಕೃಷ್ಣ ಒಂದು ಬಾಯಿಗೆ ಹಾಕಿಕೊಂಡು, “ಸಕ್ರೆ ಇದ್ದಂಗೆ ಅದೆಯಲ್ಲೇ,” ಎಂದ. ಉಪ್ಪು ಉಂಡ ಗಿಡದ ಹಣ್ಣು ಹಾಗೆಯೇ, ಸಣ್ಣದಾದಷ್ಟೂ ಸಿಹಿ ಎಂದು ರವೀಂದ್ರ ಸಾರ್ ಹೇಳಿದ್ದರು. ಯಶೋಧರಾ ಒಂದು ತಿಂದಳು. ಸಿಹಿ ಇತ್ತು. ಸಿಹಿ ಇದೆ ಎಂದು ಗೊತ್ತಾಯಿತು, ಅಷ್ಟೆ. ಇನ್ನೊಂದು ತಿಂದಳು.

ಎಲೆ ಎತ್ತಿದ ಮೇಲೆ ಕೃಷ್ಣ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಜಿಪ್ಪು ಎಳೆಯುವುದೋ ಬಿಡುವುದೋ ಎಂದು ಬೆರಳಾಡಿಸಿದ. “ಅಪ್ಪ, ಬೆಳೆ ಬಂತು, ಸರಿ. ಕಾಗದ ಮಡಗ್ಬುಡ್ತೀನಿ. ನೀನು ನಾಕು ದಿನಕ್ಕಾದ್ರೂ ಪ್ಯಾಟೆಗೆ ಬಾ.”

ಮಂಚಯ್ಯ ಆಗಲೇ ಅಂಗಳಕ್ಕೆ ಇಳಿದಿದ್ದ. ಬೆಳಗಿನ ಜಾವ ಒಂದು ಮಳೆ ಹೊಡೆದಿತ್ತು.

“ಎಲ್ಲಿಗ್ಲಾ ಬರ್ಲಿ? ಮಳೆಗೆ ಮಣ್ಣು ಜಾರಿರ್ತದೆ. ಗಂಟು ಮುಚ್ಚೋಗಿರ್ತದೆ,” ಎಂದ. ಗುದ್ದಲಿಯನ್ನು ಗೋಡೆಗೆ ಒರಗಿದ್ದಲ್ಲೇ ಬಿಟ್ಟು, ಬರಿಗೈಯಲ್ಲಿ ಏರಿಯ ಕಡೆ ಹೊರಟ.

ಕೃಷ್ಣ ತಂಗಿಯ ಮುಖ ನೋಡಿದ. ಅವಳು ಎದ್ದು ಸೂರಿನಲ್ಲಿ ಸಿಕ್ಕಿಸಿದ್ದ ಅರ್ಧ ಬ್ಲೇಡನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು.